ಗಾಳಿ ಹಿಡಿಯುವ ಕಷ್ಟ

ಬ್ರೆಡ್ ಎಂದು ನಾವು ದುಡ್ಡು ಕೊಟ್ಟು ತರುವುದು ಬಹುಪಾಲು ಗಾಳಿಯನ್ನೇ. ಒಂದು ಹೋಳನ್ನು ಬೆಳಕಿಗೆ ಹಿಡಿದು ನೋಡಿ, ತೂತುಗಳದೇ ದರ್ಬಾರು. ಆ ತೂತುಗಳ ಗೋಡೆ ಕುಸಿಯದಂತೆ ನೋಡಿಕೊಳ್ಳುವುದು ಗ್ಲುಟೆನ್. ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದಾಗ ಅದರೊಳಗಿನ ಎರಡು ಬಗೆಯ ಪ್ರೋಟೀನುಗಳು ಹೆಣೆದುಕೊಂಡು ಜಿಗುಟು ಬಲೆಯಾಗುತ್ತವೆ. ಯೀಸ್ಟ್ ಬಿಡುವ ಅನಿಲ ಅದರಲ್ಲಿ ಸಿಕ್ಕಿಕೊಂಡು ಹಿಟ್ಟು ಉಬ್ಬುತ್ತದೆ. ಅದನ್ನು ಕಣ್ಣಾರೆ ಕಾಣಬೇಕೆನ್ನುವವರು ನಾದಿದ ಹಿಟ್ಟಿನ ಉಂಡೆಯೊಂದನ್ನು ನಲ್ಲಿಯ ಕೆಳಗೆ ಹಿಡಿದು ಹಿಸುಕುತ್ತ ಹೋಗಲಿ. ಪಿಷ್ಟವೆಲ್ಲ ಬೆಳ್ಳಗೆ ಹರಿದುಹೋದ ಮೇಲೆ ಅಂಗೈಯಲ್ಲಿ ಬೂದು ಬಣ್ಣದ, ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ಮುದ್ದೆಯೊಂದು ಉಳಿಯುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಇಟಲಿಯ ಬೆಕಾರಿ ಎಂಬ ವಿದ್ವಾಂಸ ಗ್ಲುಟೆನ್ನನ್ನು ಬೇರ್ಪಡಿಸಿದ್ದೂ ಹೀಗೆ ತೊಳೆದೇ.

ಆ ಮುದ್ದೆಯೇ ನನಗೆ ಆಗಿಬರುವುದಿಲ್ಲ. ಸೀಲಿಯಾಕ್ ಕಾಯಿಲೆ ಇರುವವರ ದೇಹ ಗ್ಲುಟೆನ್ ಒಳಗೆ ಬಂದೊಡನೆ ತನ್ನದೇ ಸಣ್ಣ ಕರುಳಿನ ಮೇಲೆ ದಂಡೆತ್ತಿ ಹೋಗುತ್ತದೆ. ಜಗತ್ತಿನಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಈ ತೊಂದರೆ ಇದೆ. ಗೋಧಿ, ಬಾರ್ಲಿ, ರೈ ಮೂರನ್ನೂ ಜೀವಮಾನವಿಡೀ ಬಿಡುವುದೇ ಮದ್ದು. ಗೋಧಿಯೇ ಇದರ ಮೂಲವೆಂದು ಸಾಬೀತುಪಡಿಸಿದವರು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಬ್ರೆಡ್ಡಿನ ಮೇಲೆ ಅವರಿಗೆ ಮೊದಲೇ ಗುಮಾನಿಯಿತ್ತು. 1944-45ರ ಚಳಿಗಾಲದಲ್ಲಿ ಅಲ್ಲಿ ಬ್ರೆಡ್ಡಿಗೆ ಬರ ಬಂದು ಜನ ಹಸಿವಿನಿಂದ ಸಾಯುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಯುದ್ಧ ಮುಗಿದು ಬ್ರೆಡ್ ಮರಳಿ ಬಂದಾಗ ಎಲ್ಲರಿಗೂ ಸಂಭ್ರಮ, ಈ ಮಕ್ಕಳಿಗೆ ಮತ್ತೆ ಹಾಸಿಗೆ.

ಗ್ಲುಟೆನ್ ಇಲ್ಲದ ಬ್ರೆಡ್ ಎಂದರೆ, ಬಲೆಯಿಲ್ಲದೆ ಗಾಳಿ ಹಿಡಿಯುವ ಸಾಹಸ. ಅಂಗಡಿಗಳಲ್ಲಿ ಸಿಗುವ ಹೆಚ್ಚಿನವು ಈ ಸಾಹಸದಲ್ಲಿ ಸೋತವು. ಕೆಲವು ಕೈಯಲ್ಲಿ ಹಿಡಿದರೆ ಇಟ್ಟಿಗೆ, ಬೆಣ್ಣೆ ಸವರಲು ಹೋದರೆ ಪುಡಿ. ಇನ್ನು ಕೆಲವು ನೋಡಲು ಸಾಕ್ಷಾತ್ ಗೋಧಿ ಬ್ರೆಡ್ಡೇ. ಬಾಯಿಗಿಟ್ಟರೆ ಸಕ್ಕರೆ ಮತ್ತು ಪಿಷ್ಟ, ಬೇರೇನೂ ಇಲ್ಲ. ನನಗೆ ಈ ಎರಡನೆಯ ಜಾತಿಯ ಮೇಲೆಯೇ ಸಿಟ್ಟು ಹೆಚ್ಚು. ಇಟ್ಟಿಗೆಯಾದರೂ ತಾನು ಇಟ್ಟಿಗೆ ಎಂದು ಒಪ್ಪಿಕೊಳ್ಳುತ್ತದೆ.

ರುಚಿಯ ಮಾತು ಹಾಗಿರಲಿ, ಅದಕ್ಕೂ ಮೊದಲು ಬೇಕರಿಯವರ ವಿಚಾರಣೆ ಆಗಬೇಕು. ಗ್ಲುಟೆನ್ ರಹಿತ ಎಂದು ಬರೆಯಬೇಕಾದರೆ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದೆಂಬುದು ಅಂತರರಾಷ್ಟ್ರೀಯ ಮಾನದಂಡ. ಗೋಧಿ ಹಿಟ್ಟು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುವ ಕೋಣೆಯಲ್ಲಿ ಇದು ಹುಡುಗಾಟವಲ್ಲ. ಹಾಗಾಗಿ ಕೇಳುತ್ತೇನೆ: ತಟ್ಟೆ ಬೇರೆಯೇ? ಜರಡಿ ಬೇರೆಯೇ? "ಎಲ್ಲವೂ ಶುದ್ಧ, ಕಣ್ಣು ಮುಚ್ಚಿಕೊಂಡು ತಿನ್ನಿ" ಎಂದು ಉತ್ತರ ಬಂದರೆ ನಾನು ಕಣ್ಣು ತೆರೆದುಕೊಂಡೇ ಹೊರಗೆ ಬರುತ್ತೇನೆ. ಒಂದು ಕಡೆಯಂತೂ ಮೈದಾ ಬ್ರೆಡ್ಡನ್ನು ತೋರಿಸಿ, ಇದರಲ್ಲಿ ಗೋಧಿ ಇಲ್ಲವೇ ಇಲ್ಲ ಎಂದು ಆಣೆ ಹಾಕಿದರು. ಮೈದಾ ಯಾವ ಮರದಲ್ಲಿ ಬಿಡುತ್ತದೆಂದು ಅವರು ತಿಳಿದಿದ್ದರೋ!

ಕೊನೆಗೆ ನನ್ನ ನಂಬಿಕೆ ಗಳಿಸಿದವರು, ಮೊದಲ ಮಾತಿಗೇ "ಇವತ್ತು ಬೇಡ" ಎಂದ ಬೇಕರಿಯವರು. ಅವರು ಈ ಬ್ರೆಡ್ ಮಾಡುವುದು ವಾರದ ರಜೆಯ ಮರುದಿನ ಬೆಳಗ್ಗೆ ಮಾತ್ರ. ರಜೆಯಲ್ಲಿ ತೊಳೆದು ಒರೆಸಿದ ಮೇಲೆ, ಗೋಧಿಯ ಚೀಲ ಬಿಚ್ಚುವ ಮೊದಲು. ಹೋಳು ಮಾಡಿ ಕೊಡುವುದಿಲ್ಲ, ಏಕೆಂದರೆ ಕತ್ತರಿಸುವ ಯಂತ್ರ ಒಂದೇ, ಅದರ ಹಲ್ಲುಗಳ ನಡುವೆ ಗೋಧಿಯ ಚೂರು ಇದ್ದೇ ಇರುತ್ತದೆ. ಅಕ್ಕಿ, ಜೋಳದ ಹಿಟ್ಟಿಗೆ ಇಸಬ್ಗೋಲಿನ ಹೊಟ್ಟು ಬೆರೆಸುತ್ತಾರೆ. ನೀರು ಕುಡಿದು ಲೋಳೆಯಾಗುವ ಆ ಹೊಟ್ಟೇ ಇಲ್ಲಿ ಬಲೆಯ ಬದಲಿ. ನಾದುವ ಗೋಜೇ ಇಲ್ಲ, ಗಟ್ಟಿ ಹಿಟ್ಟನ್ನು ಅಚ್ಚಿಗೆ ಸುರಿಯುವುದಷ್ಟೆ. ಬ್ರೆಡ್ ತುಸು ಕುಳ್ಳು, ಮೇಲ್ಮೈ ಬಿರುಕು ಬಿರುಕು, ಒಳಗೆ ಸಣ್ಣ ತೂತುಗಳು. ಬಾಗಿಸಿದರೆ ಬಾಗುತ್ತದೆ. ಈ ಪಥ್ಯದವರಿಗೆ ಮಾತ್ರ ಗೊತ್ತು, ಬ್ರೆಡ್ ಬಾಗುವುದೆಂದರೆ ಎಂಥ ಭಾಗ್ಯವೆಂದು. ಗೋಧಿಯ ಬ್ರೆಡ್ಡಿನಂತೆ ಕಾಣಬೇಕೆಂಬ ಹಂಬಲ ಅದಕ್ಕಿಲ್ಲ.

ಮರುದಿನಕ್ಕೆ ಅದು ಒಣಗುವುದು ನಿಜ. ಫ್ರಿಜ್‌ನಲ್ಲಿಟ್ಟರೆ ಪಿಷ್ಟ ಇನ್ನೂ ಬೇಗ ಬಿರುಸಾಗುತ್ತದೆ. ಹೋಳು ಮಾಡಿ ಫ್ರೀಜರಿಗೆ ಹಾಕಿ, ಬೇಕಾದಾಗ ಟೋಸ್ಟ್ ಮಾಡಿಕೊಳ್ಳಬೇಕು. ಟೋಸ್ಟರ್ ನನ್ನದೇ ಬೇರೆ. ಮನೆಯವರ ಟೋಸ್ಟರಿನ ತಳದ ಚೂರುಗಳಿಗೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಕಾಯಿಲೆಯಿಲ್ಲದೆ ಶೋಕಿಗೆ ಗೋಧಿ ಬಿಟ್ಟವರನ್ನು ಕಂಡು ನಗುವುದುಂಟು. ಗ್ಲುಟೆನ್ ಇಲ್ಲದ ಬ್ರೆಡ್ ತರಿಸಿ, ಜೊತೆಗೆ ಬಾರ್ಲಿಯ ಬಿಯರ್ ಕುಡಿಯುವ ಮಹನೀಯರನ್ನೂ ನೋಡಿದ್ದೇನೆ. ಆದರೆ ಇಂಥವರು ಕೊಳ್ಳದಿದ್ದರೆ ನನ್ನೊಬ್ಬನಿಗಾಗಿ ಯಾವ ಬೇಕರಿ ಒಲೆ ಹಚ್ಚೀತು? ಹಾಗಾಗಿ ಆ ನಗುವನ್ನು ಅವರ ಬೆನ್ನ ಹಿಂದೆಯೇ ಇಟ್ಟುಕೊಂಡಿದ್ದೇನೆ.

ಈಗ ಮುಂಚೆಯೇ ಫೋನ್ ಮಾಡಿ ಹೇಳಿಡುತ್ತೇನೆ. ಮೊನ್ನೆ ಗಲ್ಲಾಪೆಟ್ಟಿಗೆಯ ಬಳಿಯಿದ್ದ ಆರ್ಡರ್ ಪುಸ್ತಕದ ಮೇಲೆ ಕಣ್ಣು ಹೋಯಿತು. ಉಳಿದ ಗಿರಾಕಿಗಳಿಗೆಲ್ಲ ಹೆಸರಿತ್ತು. ನನ್ನ ಸಾಲಿನಲ್ಲಿ "ಪ್ರಶ್ನೆಯವರು, ಎರಡು" ಎಂದಿತ್ತು.