ತೋಟಕ್ಕೆ ನುಗ್ಗುವ ಕೋತಿಗಳನ್ನು ಹಿಡಿದು ಕಾಡಿಗೆ ಬಿಡಬೇಕೇ?

ಪರ: ಹಿಡಿಯಲೇಬೇಕು, ನಮ್ಮ ಕೈಲಿ ಇನ್ನು ಆಗುವುದಿಲ್ಲ

ನಮ್ಮದು ಮೇಲುಕೋಟೆ ಬೆಟ್ಟದ ಕೆಳಗಿನ ಒಂದು ಹಳ್ಳಿ. ಒಂದೂವರೆ ಎಕರೆ ತೆಂಗು, ಬದುವಿನ ಮೇಲೆ ನಾಲ್ಕು ಮಾವಿನ ಮರ. ಮಳೆ ಬಂದರೆ ರಾಗಿ, ಅವರೆ. ಇಷ್ಟರಲ್ಲೇ ನಮ್ಮ ಬದುಕು.

ತೆಂಗಿನ ಲೆಕ್ಕ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸಸಿ ನೆಟ್ಟ ಮೇಲೆ ಫಸಲು ಕಾಣಲು ಐದಾರು ವರ್ಷ ಬೇಕು. ಹೊಂಬಾಳೆ ಒಡೆದು ಎಳನೀರು ಆಗಲು ಆರೇಳು ತಿಂಗಳು. ಕಾಯಿ ಬಲಿಯಲು ಒಂದು ವರ್ಷ. ಕೋತಿ ಅಲ್ಲಿಯವರೆಗೆ ಕಾಯುವುದಿಲ್ಲ. ಕುರುಂಬೆಯನ್ನೇ ಕಿತ್ತು, ಒಂದು ಸಲ ಕಚ್ಚಿ ಬಿಸಾಕುತ್ತದೆ. ಎಳನೀರಾದರೆ ಕಣ್ಣಿನ ಹತ್ತಿರ ತೂತು ಮಾಡಿ ಕುಡಿಯುತ್ತದೆ. ಮೂವತ್ತು ಕೋತಿಯ ಗುಂಪು ಬೆಳಿಗ್ಗೆ ಒಂದು ಗಂಟೆ ಮರದ ಮೇಲಿದ್ದರೆ, ಬುಡದಲ್ಲಿ ಬಿದ್ದಿರುವುದನ್ನು ಗುಡಿಸಿ ರಾಶಿ ಹಾಕಬೇಕು. ಆ ರಾಶಿ ನೋಡಿದಾಗ ಆಗುವ ಸಂಕಟ ಹೇಳಿ ಮುಗಿಯುವುದಲ್ಲ.

ಓಡಿಸಲು ಏನೇನು ಮಾಡಿಲ್ಲ? ಪಟಾಕಿಗೆ ಎರಡು ದಿನ ಹೆದರಿದವು. ಮೂರನೇ ದಿನ ಪಕ್ಕದ ಮರಕ್ಕೆ ಹಾರಿ ಕೂತವು. ಕವಣೆ ಹಿಡಿದು ನಾನು ನಿಂತರೆ ದೂರ ಇರುತ್ತವೆ. ನಮ್ಮವ್ವ ಒಬ್ಬಳೇ ತಗಡು ಬಡಿಯುತ್ತಾ ಕೂತಿದ್ದರೆ ಹತ್ತಿರಕ್ಕೇ ಬರುತ್ತವೆ. ಹೋದ ವರ್ಷ ಒಂದು ಗಡವ ಅವಳ ಊಟದ ಡಬ್ಬಿಯನ್ನೇ ಕಿತ್ತುಕೊಂಡು ಹೋಯಿತು. ಅವಳಿಗೆ ಈಗ ಎಪ್ಪತ್ತು ದಾಟಿದೆ. ಪಕ್ಕದ ಹೊಲದವರು ಕಡಲೆಕಾಯಿ ಹಾಕುವುದನ್ನೇ ಬಿಟ್ಟರು.

ನಾವೂ ಆಂಜನೇಯನಿಗೆ ಕೈ ಮುಗಿಯುವವರೇ. ಸಾಯಿಸಿ ಅಂತ ಯಾರೂ ಹೇಳುತ್ತಿಲ್ಲ. ಆದರೆ ಯೋಗ ನರಸಿಂಹ ಸ್ವಾಮಿಯ ದರ್ಶನಕ್ಕೆ ಕಾರಿನಲ್ಲಿ ಬಂದವರು ಬಾಳೆಹಣ್ಣು, ಬಿಸ್ಕತ್ತು ಹಾಕಿ ಪುಣ್ಯ ಕಟ್ಟಿಕೊಂಡು ಸಂಜೆಗೆ ಊರು ಸೇರುತ್ತಾರೆ. ಮಾರನೇ ದಿನ ಹಸಿದ ಗುಂಪು ಇಳಿಯುವುದು ನಮ್ಮ ತೋಟಕ್ಕೆ ಅಲ್ವಾ? ಎರಡು ಸಲ ಅರ್ಜಿ ಕೊಟ್ಟೆ. ನೋಡೋಣ ಅಂದರು, ಅಷ್ಟೇ.

ನಾನು ಕೇಳುವುದು ಇಷ್ಟು. ಇವತ್ತು ಐದು, ನಾಳೆ ಐದು ಅಂತ ಹಿಡಿಯಬೇಡಿ. ತಾಯಿ ಮರಿ ಬೇರೆ ಮಾಡದೆ ಇಡೀ ಗುಂಪನ್ನು ಹಿಡಿಯಿರಿ. ಡಾಕ್ಟರ್ ನೋಡಲಿ. ನೀರು, ಹಣ್ಣಿನ ಮರ ಇರುವ ಕಾಡಿಗೆ ಬಿಡಿ. ಉಳಿದವಕ್ಕೆ ಹಿಮಾಚಲ ಪ್ರದೇಶದಲ್ಲಿ ಮಾಡಿದ ಹಾಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ. ಖರ್ಚು ಜಾಸ್ತಿ ಅನ್ನುತ್ತಾರೆ. ಇಷ್ಟು ವರ್ಷ ಆ ಖರ್ಚನ್ನು ನಾವೇ ಹೊತ್ತಿದ್ದೇವೆ, ಕಾಯಿಯ ಲೆಕ್ಕದಲ್ಲಿ.

ವಿರೋಧ: ಹಿಡಿದರೆ ಕೋತಿ ಹೋಗುತ್ತದೆ, ಕಾಟ ಹೋಗುವುದಿಲ್ಲ

ನಾನು ಮೈಸೂರಿನವನು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಈಗ ವಾರಕ್ಕೆ ಮೂರು ದಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ. ನಂದಿಯ ಹತ್ತಿರ ಕೂತು ಕೋತಿ ನೋಡುವುದು ಹಳೇ ಅಭ್ಯಾಸ. ಮೇಲೆ ಬರೆದ ರೈತರ ನಷ್ಟದಲ್ಲಿ ಒಂದು ಮಾತೂ ಸುಳ್ಳಿಲ್ಲ. ಅವರು ಕೇಳುವ ಔಷಧ ಮಾತ್ರ ಈ ರೋಗಕ್ಕೆ ಹಿಡಿಯುವುದಿಲ್ಲ.

ನಮ್ಮ ಕಡೆಯ ಕೋತಿ ಬಾನೆಟ್ ಮಕಾಕ್. ತಲೆ ಮೇಲೆ ಬೈತಲೆ ತೆಗೆದ ಹಾಗೆ ಕೂದಲು, ಉದ್ದ ಬಾಲ. ಇದರ ಊರು ದಕ್ಷಿಣ ಭಾರತ ಮಾತ್ರ, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಗುಂಪಿನ ಬೆನ್ನೆಲುಬು ಹೆಣ್ಣುಗಳು. ಹುಟ್ಟಿದ ಗುಂಪಿನಲ್ಲೇ ಸಾಯುವವರೆಗೂ ಇರುತ್ತವೆ. ತಾಯಿಯ ಸ್ಥಾನ ಮಗಳಿಗೆ ಬರುತ್ತದೆ. ಗಂಡುಗಳು ಬೆಳೆದ ಮೇಲೆ ಗುಂಪು ಬಿಟ್ಟು ಬೇರೆ ಕಡೆ ಹೋಗುತ್ತವೆ. ಯಾವ ಮರ ಯಾವಾಗ ಹಣ್ಣು ಬಿಡುತ್ತದೆ, ಬೇಸಿಗೆಯಲ್ಲಿ ನೀರು ಎಲ್ಲಿ, ರಾತ್ರಿ ಚಿರತೆಗೆ ಸಿಗದ ಹಾಗೆ ಮಲಗುವ ಎತ್ತರದ ಮರ ಯಾವುದು, ಇದೆಲ್ಲ ಹಳೇ ಹೆಣ್ಣುಗಳಿಗೆ ಗೊತ್ತು. ಆ ಗುಂಪನ್ನು ಲಾರಿಯಲ್ಲಿ ತುಂಬಿ ಗುರುತಿಲ್ಲದ ಕಾಡಿಗೆ ಬಿಟ್ಟರೆ ಆ ತಿಳಿವಳಿಕೆಯಲ್ಲಿ ಒಂದೂ ಕೆಲಸಕ್ಕೆ ಬರುವುದಿಲ್ಲ.

ಕಾಡೇನು ಖಾಲಿ ಇದೆಯೇ? ಅಲ್ಲೂ ಗುಂಪುಗಳಿವೆ, ಅವಕ್ಕೂ ಗಡಿ ಇದೆ. ಹೊಸಬರನ್ನು ಹೊಡೆದು ಓಡಿಸುತ್ತವೆ. ಊರ ತಿಂಡಿ ರೂಢಿಯಾದ ಕೋತಿ ಮತ್ತೆ ಊರನ್ನೇ ಹುಡುಕುತ್ತದೆ. ಮೇಲುಕೋಟೆಯ ಕಾಟ ಹೆಗ್ಗಡದೇವನಕೋಟೆಯ ಯಾವುದೋ ರೈತನ ತಲೆಗೆ ಬರುತ್ತದೆ. ಇತ್ತ ಖಾಲಿಯಾದ ತೋಟದಲ್ಲಿ ತೆಂಗು ಹಾಗೇ ಇದೆ, ದೇವಸ್ಥಾನದ ಬಾಳೆಹಣ್ಣೂ ಹಾಗೇ ಇದೆ. ಪಕ್ಕದ ಗುಂಪು ಬಂದು ಸೇರಿಕೊಳ್ಳುತ್ತದೆ. ದೆಹಲಿಯಲ್ಲಿ 2007ರಲ್ಲಿ ಹೈಕೋರ್ಟ್ ಆದೇಶದ ಮೇಲೆ ಕೋತಿಗಳನ್ನು ಹಿಡಿದು ಅಸೋಲಾ ಭಟ್ಟಿ ಅಭಯಾರಣ್ಯಕ್ಕೆ ಬಿಡಲು ಶುರು ಮಾಡಿದರು. ಅಲ್ಲಿಯದು ರೀಸಸ್ ಕೋತಿ, ಆದರೆ ಪಾಠ ಒಂದೇ. ಸಾವಿರಾರು ಕೋತಿ ಸಾಗಿಸಿದ ಮೇಲೂ ದೆಹಲಿಯಲ್ಲಿ ಕೋತಿ ಇವೆ.

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡುತ್ತದೆ. ಮೈಸೂರು ಸುತ್ತಿನ ಕೋತಿಗಳನ್ನು ಸಂಶೋಧಕರು 1989ರಿಂದ ಹಲವು ಸಲ ಎಣಿಸಿದ್ದಾರೆ. 25 ವರ್ಷದಲ್ಲಿ ಶೇಕಡ 65ಕ್ಕಿಂತ ಜಾಸ್ತಿ ಕಡಿಮೆಯಾಗಿವೆ ಎಂದು 2017ರಲ್ಲಿ ಪ್ರಕಟವಾಯಿತು. ಹಾಗಾದರೆ ತೋಟದಲ್ಲಿ ಜಾಸ್ತಿ ಕಾಣುವುದೇಕೆ? ಬೇರೆ ಜಾಗ ಉಳಿದಿಲ್ಲ, ಅದಕ್ಕೆ. ಹಿಂದೆ ನಮ್ಮ ರಸ್ತೆಗಳ ಎರಡೂ ಬದಿ ಆಲ, ಗೋಣಿ, ಅತ್ತಿ, ಬಸರಿ ಇದ್ದವು. ಈ ಜಾತಿಯ ಮರಗಳ ವಿಶೇಷ ಏನೆಂದರೆ, ಎಲ್ಲವೂ ಒಂದೇ ಸಲ ಹಣ್ಣು ಬಿಡುವುದಿಲ್ಲ. ಈ ತಿಂಗಳು ಇದು, ಮುಂದಿನ ತಿಂಗಳು ಅದು. ಹಾಗಾಗಿ ಸಾಲುಮರ ಇದ್ದ ರಸ್ತೆಯಲ್ಲಿ ವರ್ಷವಿಡೀ ಎಲ್ಲೋ ಒಂದು ಕಡೆ ಹಣ್ಣು ಇರುತ್ತಿತ್ತು. ಕೋತಿ ಅದನ್ನು ದವಡೆ ಚೀಲದಲ್ಲಿ ತುಂಬಿಕೊಂಡು ಹೋಗಿ ಬೀಜ ಉದುರಿಸುತ್ತಿತ್ತು. ರಸ್ತೆ ಅಗಲ ಮಾಡಿದರು, ಮರ ಹೋಯಿತು. ಉಳಿದ ಕೋತಿಗಳು ದೇವಸ್ಥಾನ ಮತ್ತು ತೋಟ ಹಿಡಿದವು.

ಹಿಡಿಯುವವರು ಬೇಸಿಗೆಯಲ್ಲಿ ಬಂದರೆ ಇನ್ನೂ ಕಷ್ಟ. ಮರಿಗಳು ಹೆಚ್ಚಾಗಿ ಹುಟ್ಟುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಬೋನಿನೊಳಗೆ ಎದೆಗೆ ಮರಿ ಅವುಚಿಕೊಂಡ ತಾಯಿಯನ್ನು ನಾನು ಒಮ್ಮೆ ನೋಡಿದ್ದೇನೆ. ಹಲ್ಲು ಕಿರಿದಿತ್ತು. ನಗುತ್ತಿದೆ ಎಂದು ಒಬ್ಬ ಹುಡುಗ ಫೋಟೊ ತೆಗೆದ. ಕೋತಿ ಹಾಗೆ ಹಲ್ಲು ತೋರಿಸುವುದು ಭಯಕ್ಕೆ.

ಸಂತಾನಹರಣಕ್ಕೆ ನನ್ನ ತಕರಾರಿಲ್ಲ, ಗುಂಪು ಒಡೆಯದೆ ಅಲ್ಲೇ ತಂದು ಬಿಡುವುದಾದರೆ. ಬೆಟ್ಟದ ಮೇಲೆ ತಿಂಡಿ ಹಾಕುವುದನ್ನು ನಿಲ್ಲಿಸಲೇಬೇಕು. ತಿನ್ನಲು ಜಾಸ್ತಿ ಸಿಕ್ಕರೆ ಮರಿಗಳೂ ಜಾಸ್ತಿ ಉಳಿಯುತ್ತವೆ. ಅತ್ತಿ, ಗೋಣಿ ಇವತ್ತು ನೆಟ್ಟರೆ ಹಣ್ಣು ಕಾಣಲು ವರ್ಷಗಳು ಬೇಕು, ಅದು ನನಗೂ ಗೊತ್ತು. ಅಲ್ಲಿಯವರೆಗೆ ಬೋನು, ಲಾರಿ, ಹಿಡಿಯುವವರಿಗೆ ಸುರಿಯುವ ದುಡ್ಡನ್ನು ಕಾವಲಿಗೆ ಕೊಡಿ. ಊರಿಗೆ ನಾಲ್ಕು ಜನ ಗಟ್ಟಿ ಹುಡುಗರು, ಬೆಳಿಗ್ಗೆ ಸಂಜೆ, ಸಂಬಳಕ್ಕೆ. ಕಿತ್ತು ಬಿದ್ದ ಕುರುಂಬೆಗೆ ಎಣಿಸಿ ಪರಿಹಾರ. ಮತ್ತು ಇಷ್ಟು ವರ್ಷ ತಗಡು ಬಡಿಯುತ್ತಾ ಕೂತ ಆ ಅವ್ವನಿಗೆ ಕೂಲಿ.