ಸಾಕ್ಷಿ ಇಲ್ಲ ಅಂದ್ರೆ ಮಾತು ಮುಗೀತಾ?

ಹೋದ ತಿಂಗಳು ಹುಬ್ಬಳ್ಳಿಯಿಂದ ಅಣ್ಣನ ಮಗ ಫೋನ್ ಮಾಡಿದ್ದ. ಗೋಕುಲ ರೋಡಿನ ಕಡೆ ಒಂದು ಗೋದಾಮಿನಲ್ಲಿ ಅವನಿಗೆ ಕೆಲಸ. "ಕಾಕಾ, ಸೂಪರ್‌ವೈಸರ್ ಬಾಯಿಲೆ ಹೇಳಿದ್ರು, ನಾ ಮಾಲು ಕಳಿಸಿದೆ. ಗಿರಾಕಿ ರೊಕ್ಕ ಕೊಡಲಿಲ್ಲ. ಈಗ ನಾ ಹೇಳೇ ಇಲ್ಲ ಅಂತಾರ." ರೂಮಿನಲ್ಲಿ ಇದ್ದಿದ್ದು ಇಬ್ಬರೇ. ಕ್ಯಾಮೆರಾ ಇಲ್ಲ, ಮೆಸೇಜ್ ಇಲ್ಲ. ಮಾಲಕರು "ಸಾಕ್ಷಿ ಐತೇನು?" ಅಂದರು, ಇವನು ಇಲ್ಲ ಅಂದ, ಪಗಾರ ಕಟ್. ಪಗಾರ ಹಿಡಿಯುವ ಮುಂಚೆ ಕೆಲಸಗಾರನ ಮಾತು ಕೇಳಬೇಕು ಅಂತ ಕಾನೂನೇ ಇದೆ. ಇವನನ್ನು ಕೇಳಿದ್ದು ಆ ಒಂದು ಪ್ರಶ್ನೆ ಮಾತ್ರ.

ನಾನು ಇಂಗ್ಲೆಂಡಿನ ಲೀಡ್ಸಿಗೆ ಬಂದು ಒಂಬತ್ತು ವರ್ಷ ಆಯಿತು. ಇಲ್ಲಿ ನನಗೂ ಇಂಥದ್ದೇ ಆಯಿತು. ಟೀಮ್ ಲೀಡ್ ಶನಿವಾರದ ರಜೆಗೆ ಬಾಯಲ್ಲಿ ಹೂಂ ಅಂದು, ಆಮೇಲೆ ಅಂದೇ ಇಲ್ಲ ಅಂದ. ಎಚ್‌ಆರ್‌ನವರು ಇಬ್ಬರನ್ನೂ ಬೇರೆ ಬೇರೆ ಕೂರಿಸಿದರು. ಎಲ್ಲಿ ನಿಂತಿದ್ರಿ, ಆಗ ಗಂಟೆ ಎಷ್ಟಾಗಿತ್ತು, ಅವರು ಹೇಳಿದ ಮೇಲೆ ನೀವು ಏನು ಮಾಡಿದ್ರಿ, ಯಾರಿಗೆ ಹೇಳಿದ್ರಿ? ಇಂಥ ಸಣ್ಣ ಸಣ್ಣ ಪ್ರಶ್ನೆಗಳೇ. ಆ ಸಂಜೆ ಗೆಳೆಯನಿಗೆ "ರಜೆ ಸಿಕ್ತು, ಬರ್ತೀನಿ" ಅಂತ ಮೆಸೇಜ್ ಹಾಕಿದ್ದೆ, ಅದನ್ನೇ ತೋರಿಸಿದೆ. ಲೀಡ್ ಹೂಂ ಅಂದಿದ್ದಕ್ಕೆ ಅದು ಸಾಕ್ಷಿ ಅಲ್ಲ, ಗೊತ್ತು. ಆದರೆ ಸುಳ್ಳು ಹೇಳುವವನು ಅವತ್ತೇ ಯಾಕೆ ಹಾಗೆ ಬರೀತಾನೆ, ಅಲ್ವಾ? ಕೊನೆಗೆ "ಇವರು ಹೇಳಿದ್ದೇ ನಡೆದಿರುವ ಸಾಧ್ಯತೆ ಜಾಸ್ತಿ" ಅಂತ ಕಾರಣ ಸಮೇತ ಬರೆದು ಕೊಟ್ಟರು.

ಇಲ್ಲಿ 1978ರ ಒಂದು ಕೇಸನ್ನು ಇವತ್ತಿಗೂ ಎತ್ತುತ್ತಾರೆ. ಕೆಲಸದಿಂದ ತೆಗೆಯುವ ಕಂಪನಿ ತಪ್ಪನ್ನು ಕ್ರಿಮಿನಲ್ ಕೋರ್ಟಿನ ಹಾಗೆ ಸಾಬೀತು ಮಾಡಬೇಕಿಲ್ಲ. ಅದು ನಿಜವಾಗಿ ನಂಬಿರಬೇಕು, ನಂಬಲು ತಕ್ಕ ಕಾರಣ ಇರಬೇಕು, ತಕ್ಕಮಟ್ಟಿಗೆ ವಿಚಾರಣೆ ಮಾಡಿರಬೇಕು. ಇದೇನೋ ಬಿಳಿಯರ ಜಾಣತನ ಅಂದುಕೊಳ್ಳಬೇಡಿ. ನಮ್ಮ ಸುಪ್ರೀಂ ಕೋರ್ಟು 1977ರಲ್ಲೇ ಹರಿಯಾಣದ ಒಬ್ಬ ಬಸ್ ಕಂಡಕ್ಟರನ ಕೇಸಿನಲ್ಲಿ ಹೆಚ್ಚುಕಮ್ಮಿ ಇದನ್ನೇ ಹೇಳಿತ್ತು. ಟಿಕೆಟ್ ಇಲ್ಲದ ಪ್ರಯಾಣಿಕರನ್ನು ಯಾರೂ ವಿಚಾರಣೆಗೆ ಕರೆದಿರಲಿಲ್ಲ. ಆದರೂ ತಪಾಸಣೆಯವರ ಮಾತೂ ಒಂದು ಸಾಕ್ಷಿಯೇ, ಇಲಾಖೆಯ ವಿಚಾರಣೆಗೆ ಅಷ್ಟು ಸಾಕು ಅಂದಿತು. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳದ 2013ರ ಕಾನೂನು ನೋಡಿ. ದೂರು ಸಾಬೀತು ಮಾಡಲು ಆಗಲಿಲ್ಲ ಅಂದ ಮಾತ್ರಕ್ಕೆ ದೂರು ಕೊಟ್ಟವಳ ಮೇಲೆ ಕ್ರಮ ತಗೊಳ್ಳಬೇಕಿಲ್ಲ ಅಂತ 14ನೇ ಕಲಮು ಹೇಳುತ್ತದೆ. ನಮ್ಮಲ್ಲಿ ಕಾನೂನಿಗೆ ಬರ ಇಲ್ಲ, ಕೂತು ಎರಡೂ ಕಡೆಯ ಮಾತು ಕೇಳುವ ತಾಳ್ಮೆಗೆ ಬರ.

ಅಥವಾ ಹಿಂದೆ ಇತ್ತೋ ಏನೋ. ಅಪ್ಪ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ, ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಒಮ್ಮೆ ಒಂದು ಚೀಲ ಕಮ್ಮಿ ಬಿತ್ತು. ಹಮಾಲ ಅಪ್ಪನ ಕಡೆ ಬೆರಳು ಮಾಡಿದ, ಅಪ್ಪ ಹಮಾಲನ ಕಡೆ. ಸಾವ್ಕಾರರು "ಹುಬ್ಬಳ್ಳಿಗೆ ನಡೀರಿ, ಅಜ್ಜನ ಗದ್ದಿಗಿ ಮುಟ್ಟಿ ಹೇಳ್ರಿ" ಅಂದರು. ಸಿದ್ಧಾರೂಢರ ಹೆಸರು ಬಂದದ್ದೇ ಇಬ್ಬರೂ ಸುಮ್ಮನಾದರು. ಆಣೆಯಲ್ಲಿ ಗೆಲ್ಲುವವನು ದೇವರಿಗೆ ಹೆದರದವನು, ಅದು ನನಗೂ ಗೊತ್ತು. ಕೊನೆಗೆ ಸಾವ್ಕಾರರು ನಷ್ಟ ತಾವೇ ಹೊತ್ತು, ಇಬ್ಬರಿಗೂ ಒಂದೇ ಬಸಿಯಲ್ಲಿ ಮಿರ್ಚಿ ಭಜಿ ತರಿಸಿದರು. ಆಮೇಲೆ ಅಪ್ಪ, ಆ ಹಮಾಲ ಹನ್ನೊಂದು ವರ್ಷ ಅದೇ ಅಂಗಡಿಯಲ್ಲಿ ದುಡಿದರು, ನಮ್ಮ ಅಕ್ಕನ ಮದುವೆಯಲ್ಲಿ ಬಡಿಸಿದ್ದು ಅವರೇ.

ನನ್ನ ಲೀಡ್? ನಾನು ಗೆದ್ದ ದಿನದಿಂದ ಗುಡ್ ಮಾರ್ನಿಂಗ್ ಕೂಡ ಇಮೇಲಿನಲ್ಲೇ. ಇನ್ನೊಂದು ಮಾತು, ಇಲ್ಲಿ ಹೇಳಿಕೆ ಇಂಗ್ಲಿಷಿನಲ್ಲಿ ಬರೆದುಕೊಡಬೇಕು, ಚೆನ್ನಾಗಿ ಬರೆಯುವವನ ಮಾತೇ ಹೆಚ್ಚು ನಿಜ ಅನ್ನಿಸುತ್ತದೆ. ನನ್ನ ಜೊತೆ ಇದ್ದ ಪೋಲೆಂಡಿನವನೊಬ್ಬ ಹಾಗೇ ಸೋತ. ಮಾತು ಕೇಳೋದು ಇವರ ಹಾಗೆ, ಕೇಳಿ ಆದಮೇಲೆ ಭಜಿ ತರಿಸೋದು ಆ ಸಾವ್ಕಾರರ ಹಾಗೆ ಇರಬೇಕಿತ್ತು ಅಂತ ನನಗೆ ಅನ್ನಿಸುತ್ತದೆ.

ಹುಡುಗನಿಗೆ ಒಂದೇ ಮಾತು ಹೇಳಿದೆ. ಇನ್ನು ಮುಂದೆ ಅವರು ಬಾಯಲ್ಲಿ ಹೇಳಿದ್ದನ್ನು ಅವತ್ತೇ ಅವರಿಗೇ ವಾಟ್ಸಾಪ್ ಮಾಡು. "ನನ್ ಮ್ಯಾಲೆ ನಂಬಿಕಿ ಇಲ್ಲೇನು ಅಂತಾರ ಕಾಕಾ" ಅಂದ. ಅದೂ ಖರೇನೇ. ಆದರೂ ಮೊನ್ನೆ "ಆತ್ರಿ ಸರ್, ನೀವ್ ಹೇಳಿದಂಗ 40 ಬಾಕ್ಸ್ ಕಳಿಸೀನ್ರಿ" ಅಂತ ಹಾಕಿದನಂತೆ. ಸರ್ ಏನೂ ಬರೆಯಲಿಲ್ಲ, ಬರೀ ಹೆಬ್ಬೆಟ್ಟು ಒತ್ತಿದರಂತೆ.