ಬಸ್ಸಿನ ಹೊತ್ತು ಯಾರ ಲೆಕ್ಕಕ್ಕೆ?

ಕೋಲಾರದಲ್ಲಿ ನನ್ನದೊಂದು ಗ್ರಿಲ್ ವೆಲ್ಡಿಂಗ್ ಅಂಗಡಿ ಇದೆ. ನಾಲ್ಕು ಜನ ಹುಡುಗರು. ವಾರಕ್ಕೆ ಎಷ್ಟು ದಿನ, ಎಷ್ಟು ಗಂಟೆ ಕೆಲಸ ಅನ್ನುವುದನ್ನು ಮಾಲೀಕನೇ ತೀರ್ಮಾನಿಸಬೇಕು ಅಂತ ವಾದ ಮಾಡುತ್ತಿದ್ದವನು ನಾನು. ಗೃಹಪ್ರವೇಶ ಹತ್ತಿರ ಬಂದರೆ ರಾತ್ರಿ ಹತ್ತಾದರೂ ಗೇಟು ಕೂರಿಸಲೇಬೇಕು. ಆಷಾಢದಲ್ಲಿ ಸುಮ್ನೆ ನೊಣ ಹೊಡೆಯುತ್ತೇವೆ. ಇದಕ್ಕೆಲ್ಲ ಸರ್ಕಾರ ಗಡಿಯಾರ ಹಿಡಿದು ನಿಂತರೆ ಆಗುತ್ತಾ?

ಅಕ್ಕನ ಮಗಳು ನರಸಾಪುರದ ಕಡೆ ಒಂದು ಫ್ಯಾಕ್ಟರಿಗೆ ಸೇರಿದ ಮೇಲೆ ನನ್ನ ವಾದ ಮೆತ್ತಗಾಗಿದೆ.

2023ರಲ್ಲಿ ನಮ್ಮ ರಾಜ್ಯ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಿತು. ದಿನಕ್ಕೆ 9 ಗಂಟೆ ಇದ್ದದ್ದು 12ರವರೆಗೂ ಹೋಗಬಹುದು, ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಬಿಟ್ಟು ವಾರಕ್ಕೆ 48 ದಾಟಬಾರದು ಅಂದಿತು. ನಾಲ್ಕು ದಿನ ದುಡಿ, ಮೂರು ದಿನ ಮನೆಯಲ್ಲಿರು. ಒಳ್ಳೇದೇ ಅಲ್ವಾ ಅಂತ ಅವಳನ್ನು ಕೇಳಿದೆ.

"ಬಸ್ಸಿನ ಹೊತ್ತು ಯಾರ ಲೆಕ್ಕಕ್ಕೆ ಮಾಮ?" ಅಂದಳು.

ಅವಳ ಊರಿನ ಗೇಟಿಗೆ ಕಂಪನಿ ಬಸ್ಸು ಬರುವುದು ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ. ಊರೂರು ಸುತ್ತಿ ತಲುಪಲು ಒಂದೂಕಾಲು ಗಂಟೆ. ಬರುವಾಗಲೂ ಅಷ್ಟೇ. 12 ಗಂಟೆ ಶಿಫ್ಟ್ ಅಂದರೆ ಹದಿನಾಲ್ಕೂವರೆ ಗಂಟೆ ಆಚೆ. ಮಿಕ್ಕಿದ್ದರಲ್ಲಿ ಮುದ್ದೆ ಮಾಡಬೇಕು, ಹಸು ನೋಡಬೇಕು, ಮಲಗಬೇಕು. ಆದರೆ ಪಿಜಿಯಲ್ಲಿರುವ ಅವಳ ಗೆಳತಿ ರಾಯಚೂರಿನವಳು. ಮೂರು ದಿನ ಒಟ್ಟಿಗೆ ಸಿಕ್ಕರೆ ಅಮ್ಮನ ಮುಖ ನೋಡಿ ಬರಬಹುದು ಅಂತ ಅವಳು ಹನ್ನೆರಡಕ್ಕೂ ಸೈ.

ಹಾಗಾದರೆ ಯಾರನ್ನು ಕೇಳಿ ವಾರ ಹೊಲಿಯಬೇಕು? ಬಸ್ಸು ಹತ್ತುವವರನ್ನೇ. ಕಂಪನಿ ದಿನಗಳನ್ನು ಹೇಗಾದರೂ ಜೋಡಿಸಲಿ, ಆದರೆ ಒಪ್ಪದವರಿಗೆ ಹಳೇ ಶಿಫ್ಟ್ ಉಳಿಯಬೇಕು. 48ರ ಗೆರೆ ಮಾತ್ರ ಮಾಲೀಕರ ಕೈಗೆ ಸಿಗಬಾರದು. ವಾರಕ್ಕೆ 70, 90 ಗಂಟೆ ದುಡಿಯಿರಿ ಅನ್ನುವ ದೊಡ್ಡವರ ಮಾತು ಬಿಡಿ, ಅವರಿಗೆ ಮನೆ ಬಾಗಿಲಿಗೆ ಕಾರು ಬರುತ್ತದೆ.

ಬ್ರಿಟನ್ನಿನಲ್ಲೂ ನಾಲ್ಕೇ ದಿನ ಅಂತ ಕೆಲವರು ಉದಾಹರಣೆ ಕೊಡುತ್ತಾರೆ. 2022ರಲ್ಲಿ 61 ಸಂಸ್ಥೆಗಳು ಆರು ತಿಂಗಳು ಪ್ರಯೋಗ ಮಾಡಿದ್ದು ನಿಜ. ಆದರೆ ಅಲ್ಲಿ ಗಂಟೆಗಳನ್ನೇ ಕಡಿಮೆ ಮಾಡಿದ್ದರು, ಸಂಬಳ ಮುಟ್ಟಿರಲಿಲ್ಲ. ನಾವು ಅದೇ ಗಂಟೆಗಳನ್ನು ನಾಲ್ಕು ದಿನಕ್ಕೆ ತುರುಕುತ್ತಿದ್ದೇವೆ.

ಓಟಿಗೆ ಎರಡರಷ್ಟು ಕೂಲಿ ಅಂತ 1948ರ ಕಾಯ್ದೆಯಲ್ಲೇ ಬರೆದಿತ್ತು. ಕಾರ್ಖಾನೆಗಳಿಗೆ ತಾನೇ ಅಂತ ನಾನು ಹುಡುಗರನ್ನು ರಾತ್ರಿ ಕೂರಿಸಿಕೊಂಡಾಗ ಬಿರಿಯಾನಿ ತರಿಸಿ ಕೈ ತೊಳೆದುಕೊಳ್ಳುತ್ತಿದ್ದೆ. ಈ ತಿಂಗಳಿಂದ ಎಂಟು ಗಂಟೆ ದಾಟಿದರೆ ಡಬಲ್ ಕೊಡುತ್ತೇನೆ ಅಂದಿದ್ದೇನೆ.

ಹುಡುಗರು ಇನ್ನೂ ನಂಬಿಲ್ಲ. "ಬಿರಿಯಾನಿ ಇರುತ್ತಾ ಅಣ್ಣ?" ಅಂತ ಕೇಳಿದರು.